ಉಪ್ಪಾಗೆ ಸಿಪ್ಪೆ ಮತ್ತು ಬೊಜ್ಜು ಕರಗಿಸುವ ಗುಳಿಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ವಿದ್ಯಾರ್ಥಿಗಳಿಗೆ ಉಪ್ಪಾಗೆ ಮರದ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ಉಳಿದವರಿಗಾಗಿ ಒಂದೆರಡು ಮಾತು. ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನಲ್ಲಿ ಬೆಳೆಯುವ ಮರ ಇದು. ಹಣ್ಣು ಪುಟ್ಟ ಕುಂಬಳಕಾಯಿಯಂತೆ ಉದ್ದುದ್ದ ಏಣುಗಳಿಂದ ಕೂಡಿರುತ್ತದೆ. ಮಳೆಗಾಲದಲ್ಲಿ ಹಳದಿಗೆ ತಿರುಗುತ್ತದೆ. ಸಿಪ್ಪೆಯ ಒಂದು ಚೂರನ್ನು ಬಾಯಿಗೆ ಹಾಕಿಕೊಂಡರೆ ಹಲ್ಲು ಜುಮ್ಮೆನ್ನುವಷ್ಟು ಹುಳಿ. ಕೇರಳದವರು ಈ ಸಿಪ್ಪೆಯನ್ನು ಒಣಗಿಸಿ, ಹೊಗೆಯಲ್ಲಿ ಕಪ್ಪಾಗಿಸಿ, ಕೊಡಂಪುಳಿ ಎಂಬ ಹೆಸರಿನಿಂದ ಮೀನಿನ ಸಾರಿಗೆ ಹಾಕುತ್ತಾರೆ. ಕೊಡಗಿನವರು ಹಣ್ಣಿನ ರಸವನ್ನು ಕುದಿಸಿ ಕುದಿಸಿ ಕಪ್ಪಗಿನ ಗಟ್ಟಿ ದ್ರವವನ್ನಾಗಿ ಮಾಡುತ್ತಾರೆ. ಅದೇ ಕಾಚಂಪುಳಿ, ಅದಿಲ್ಲದೆ ಪಂದಿ ಕರಿ ಇಲ್ಲ. ಉತ್ತರ ಕನ್ನಡದವರಾದರೋ ಹಣ್ಣಿನ ಬೀಜವನ್ನೂ ಬಿಟ್ಟವರಲ್ಲ. ಬೀಜವನ್ನು ಅರೆದು, ಬೇಯಿಸಿ, ಮೇಲೆ ತೇಲುವ ಜಿಡ್ಡನ್ನು ತೆಗೆದು ‘ಉಪ್ಪಾಗೆ ತುಪ್ಪ’ ಮಾಡಿಕೊಳ್ಳುತ್ತಾರೆ.

ಬೀಜದಿಂದ ತುಪ್ಪ ಕೊಡುವ ಈ ಹಣ್ಣಿನ ಸಿಪ್ಪೆಯೇ ಮುಂದೊಂದು ದಿನ ಮೈಯ ಕೊಬ್ಬನ್ನು ಕರಗಿಸುವ ಗುಳಿಗೆಯೆಂದು ಹೆಸರಾಗಿ, ಅಮೆರಿಕಾದ ಔಷಧದಂಗಡಿಗಳ ಕಪಾಟಿನಲ್ಲಿ ಕುಳಿತು, ಅಲ್ಲಿಂದ ತಿರುಗಿ ನಮ್ಮ ಪೇಟೆಗೂ ಬಂತು. ನಿಮ್ಮಲ್ಲಿ ಕೆಲವರು ಅದರ ಶೀಶೆಯನ್ನು ನೋಡಿಯೂ ಇರಬಹುದು. ‘ಗಾರ್ಸೀನಿಯಾ ಕಾಂಬೋಜಿಯಾ’ ಎಂದು ದೊಡ್ಡ ಅಕ್ಷರಗಳಲ್ಲಿ, ‘ನೈಸರ್ಗಿಕ’, ‘ಆಂಟಿಆಕ್ಸಿಡೆಂಟ್’ ಎಂದು ಸಣ್ಣ ಅಕ್ಷರಗಳಲ್ಲಿ ಬರೆದಿರುತ್ತದೆ. ಕಾಡಿನ ಹುಳಿ ಹಣ್ಣು ಶೀಶೆಯನ್ನು ಸೇರಿದ ದಾರಿಯಲ್ಲಿ ಒಳ್ಳೆಯ ವಿಜ್ಞಾನವೂ ಇದೆ, ಅವಸರದ ವ್ಯಾಪಾರವೂ ಇದೆ. ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂಬುದನ್ನು ಗುರುತಿಸುವುದೇ ಈ ಲೇಖನದ ಕೆಲಸ.

ಹೆಸರಿನಲ್ಲೇ ಒಂದು ಎಡವಟ್ಟಿದೆ. ಡಚ್ಚರ ಕಾಲದ ‘ಹಾರ್ಟಸ್ ಮಲಬಾರಿಕಸ್’ ಗ್ರಂಥದ ಮೊದಲ ಸಂಪುಟ 1678ರಲ್ಲಿ ಅಚ್ಚಾಯಿತು. ಅದರಲ್ಲಿ ಈ ಮರದ ಚಿತ್ರ ‘ಕೊಡಂಪುಳಿ’ ಎಂಬ ಮಲೆಯಾಳಿ ಹೆಸರಿನಿಂದಲೇ ಇದೆ. ಆದರೆ ಯುರೋಪಿನ ಸಸ್ಯಶಾಸ್ತ್ರಜ್ಞರು ಇದನ್ನು ಕಾಂಬೋಡಿಯಾ ಕಡೆಯಿಂದ ಬರುತ್ತಿದ್ದ ಹಳದಿ ಬಣ್ಣದ ಅಂಟಿನ ಮರವೆಂದು ತಪ್ಪು ತಿಳಿದರು. ಆ ಅಂಟು ಬೇರೊಂದು ಸೋದರ ಜಾತಿಯದು. ತಪ್ಪು ತಿದ್ದಿದ ಮೇಲೂ ಹೆಸರು ಉಳಿದುಕೊಂಡಿತು. ಇಂದು ಸಸ್ಯಶಾಸ್ತ್ರದಲ್ಲಿ ಮಾನ್ಯವಾದ ಹೆಸರು ‘ಗಾರ್ಸೀನಿಯಾ ಗಮ್ಮಿ-ಗಟ್ಟಾ’. ವ್ಯಾಪಾರಿಗಳಿಗೆ ಮಾತ್ರ ಹಳೆಯ ‘ಕಾಂಬೋಜಿಯಾ’ವೇ ಪ್ರಿಯ.

ಈಗ ಮೈಸೂರಿಗೆ ಬನ್ನಿ. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ, ಅಂದರೆ ನಾವೆಲ್ಲ ‘ಸಿ.ಎಫ್.ಟಿ.ಆರ್.ಐ.’ ಎಂದು ಕರೆಯುವ ಸಂಸ್ಥೆ, ಆರಂಭವಾಯಿತು. ನಮ್ಮ ದೇಶದಲ್ಲಿ ಬೆಳೆಯುವ ಆಹಾರ ಪದಾರ್ಥಗಳಲ್ಲಿ ಏನೇನಿದೆ, ಅವನ್ನು ಕೆಡದಂತೆ ಇಡುವುದು ಹೇಗೆ, ಅವುಗಳಿಂದ ಏನು ತಯಾರಿಸಬಹುದು ಎಂಬುದು ಅದರ ಕೆಲಸ. ಅಲ್ಲಿ ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು ಉಪ್ಪಾಗೆ ಸಿಪ್ಪೆಯ ಹುಳಿಯ ಬೆನ್ನು ಹತ್ತಿದರು. ಈ ಹುಳಿಗೆ ಕಾರಣ ಟಾರ್ಟಾರಿಕ್ ಮತ್ತು ಸಿಟ್ರಿಕ್ ಆಮ್ಲಗಳು ಎಂದು ಹಿಂದಿನ ವರದಿಗಳಲ್ಲಿತ್ತು. ಊಹೆ ಸಹಜವಾದದ್ದೇ, ಹುಣಿಸೆಯಲ್ಲಿರುವುದು ಮೊದಲನೆಯದು, ನಿಂಬೆಯಲ್ಲಿರುವುದು ಎರಡನೆಯದು. ಆದರೆ ಆಮ್ಲವನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿ ನೋಡಿದಾಗ ಅದು ಎರಡೂ ಅಲ್ಲವೆಂದು ತಿಳಿಯಿತು. ಸಿಟ್ರಿಕ್ ಆಮ್ಲದ ಅಣುವಿಗೆ ಇನ್ನೊಂದು ಹೈಡ್ರಾಕ್ಸಿಲ್ ಗುಂಪು ಸೇರಿಕೊಂಡರೆ ಹೇಗಿರುತ್ತದೆಯೋ ಹಾಗಿತ್ತು ಅದು: ಹೈಡ್ರಾಕ್ಸಿಸಿಟ್ರಿಕ್ ಆಮ್ಲ. 1965ರಲ್ಲಿ ಇಬ್ಬರೂ ಈ ಫಲಿತಾಂಶವನ್ನು ‘ಫೈಟೋಕೆಮಿಸ್ಟ್ರಿ’ ಪತ್ರಿಕೆಯಲ್ಲಿ ಪ್ರಕಟಿಸಿದರು.

ರಸಾಯನಶಾಸ್ತ್ರ ಓದುವವರಿಗಾಗಿ ಇನ್ನೊಂದು ಮಾತು. ಈ ಅಣುವಿನಲ್ಲಿ ಎರಡು ಅಸಮ ಇಂಗಾಲಗಳಿವೆ. ಹಾಗಾಗಿ ಇದಕ್ಕೆ ನಾಲ್ಕು ಸಮಾಂಗಿ ರೂಪಗಳು ಸಾಧ್ಯ. ಎಡಗೈ, ಬಲಗೈಗಳಂತೆ ನೋಡಲು ಒಂದೇ ತೆರನಾದರೂ ಒಂದರ ಕೈಗವಸು ಇನ್ನೊಂದಕ್ಕೆ ಹಿಡಿಸದು. ಉಪ್ಪಾಗೆಯಲ್ಲಿರುವುದು ಒಂದು ರೂಪ, ಕೆಂಪು ಪುಂಡಿಯ ಹೂವಿನ ದಳಪಾತ್ರೆಯಲ್ಲಿರುವುದು ಮತ್ತೊಂದು ರೂಪ. ಮುಂದಿನ ಕತೆಯೆಲ್ಲ ಉಪ್ಪಾಗೆಯ ರೂಪದ್ದು. ಅದೇ ಆಮ್ಲ ಮುರುಗಲಿನಲ್ಲಿಯೂ, ಅಂದರೆ ದಕ್ಷಿಣ ಕನ್ನಡದವರ ಪುನರ್ಪುಳಿಯಲ್ಲಿಯೂ ಇದೆ.

ಗಮನಿಸಿ: ಮೈಸೂರಿನವರು ಹೇಳಿದ್ದು ಇಷ್ಟೇ, ಈ ಹಣ್ಣಿನಲ್ಲಿರುವ ಮುಖ್ಯ ಆಮ್ಲ ಇದು ಎಂದು. ಬೊಜ್ಜಿನ ಮಾತನ್ನೇ ಅವರು ಎತ್ತಿರಲಿಲ್ಲ.

ಬೊಜ್ಜಿನ ಮಾತು ಬಂದದ್ದು ಅಮೆರಿಕಾದ ಮ್ಯಾಸಚೂಸೆಟ್ಸ್‌ನಲ್ಲಿರುವ ಬ್ರಾಂಡೈಸ್ ವಿಶ್ವವಿದ್ಯಾಲಯದಿಂದ. ಅಲ್ಲಿ ಜಾನ್ ಲೋವೆನ್‌ಸ್ಟೈನ್ ಎಂಬ ಜೀವರಸಾಯನ ವಿಜ್ಞಾನಿ, ದೇಹವು ಸಕ್ಕರೆಯನ್ನು ಕೊಬ್ಬನ್ನಾಗಿ ಪರಿವರ್ತಿಸುವ ಬಗೆಯನ್ನು ಅಭ್ಯಾಸ ಮಾಡುತ್ತಿದ್ದರು. ಈ ಪರಿವರ್ತನೆ ಹೇಗೆಂದು ಸ್ವಲ್ಪ ನೋಡೋಣ. ನಾವು ತಿಂದ ಅನ್ನ, ರೊಟ್ಟಿಗಳು ಗ್ಲೂಕೋಸ್ ಆಗಿ, ಅದು ಜೀವಕೋಶದ ಮೈಟೊಕಾಂಡ್ರಿಯಾದೊಳಗೆ ಹಂತ ಹಂತವಾಗಿ ಉರಿಯುತ್ತದೆ. ಪಿ.ಯು.ಸಿ. ಪುಸ್ತಕದ ಕ್ರೆಬ್ಸ್ ಚಕ್ರ ನೆನಪಿಸಿಕೊಳ್ಳಿ. ಪರೀಕ್ಷೆಗಾಗಿ ನಾವೆಲ್ಲ ಬಾಯಿಪಾಠ ಮಾಡಿ ಮರುದಿನವೇ ಮರೆತ ಚಕ್ರ ಅದು. ಆ ಚಕ್ರದ ಮೊದಲ ಮೆಟ್ಟಿಲೇ ಸಿಟ್ರೇಟ್. ಉರಿಸಲು ಬೇಕಾದುದಕ್ಕಿಂತ ಹೆಚ್ಚು ಇಂಧನ ಬಂದಾಗ ಸಿಟ್ರೇಟ್ ಮೈಟೊಕಾಂಡ್ರಿಯಾದಿಂದ ಹೊರಬಂದು ಕೋಶದ್ರವ ಸೇರುತ್ತದೆ. ಅಲ್ಲಿ ‘ಎ.ಟಿ.ಪಿ. ಸಿಟ್ರೇಟ್ ಲಯೇಸ್’ ಎಂಬ ಕಿಣ್ವ ಅದನ್ನು ಸೀಳಿ ಅಸಿಟೈಲ್ ಕೋಎನ್‌ಜೈಮ್-ಎ ತಯಾರಿಸುತ್ತದೆ. ಎರಡು ಇಂಗಾಲದ ಈ ತುಣುಕೇ ಕೊಬ್ಬಿನಾಮ್ಲದ ಇಟ್ಟಿಗೆ. ಇಟ್ಟಿಗೆಯ ಮೇಲೆ ಇಟ್ಟಿಗೆ ಕೂಡಿಸಿದರೆ ಹದಿನಾರು ಇಂಗಾಲದ ಕೊಬ್ಬಿನಾಮ್ಲ ಸಿದ್ಧ.

1969ರಲ್ಲಿ ವಾಟ್ಸನ್, ಫಾಂಗ್ ಮತ್ತು ಲೋವೆನ್‌ಸ್ಟೈನ್ ಒಂದು ವಿಷಯ ತೋರಿಸಿದರು. ಉಪ್ಪಾಗೆಯ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಈ ಕಿಣ್ವವನ್ನು ಬಲವಾಗಿ ತಡೆಯುತ್ತದೆ. ಹೇಗೆ? ನ್ಯಾಯಬೆಲೆ ಅಂಗಡಿಯ ಕಿಂಡಿಯ ಮುಂದೆ ಉದ್ದನೆಯ ಸರದಿ ಇದೆಯೆಂದುಕೊಳ್ಳಿ. ಕಾರ್ಡಿಲ್ಲದವನೊಬ್ಬ ಕಾರ್ಡಿನವನಂತೆಯೇ ವೇಷ ಹಾಕಿ ಕಿಂಡಿಗೆ ಬಂದು ನಿಂತು, ಅಲ್ಲಿಂದ ಕದಲದೆ ಹೋದರೆ ಹಿಂದಿನವರಿಗೆ ಅಕ್ಕಿ ಸಿಕ್ಕೀತೆ? ಸಿಟ್ರೇಟನ್ನೇ ಹೋಲುವ ಈ ಅಣು ಕಿಣ್ವದ ಕಿಂಡಿಯನ್ನು ಹಿಡಿದು ಕೂರುತ್ತದೆ. ನಿಜವಾದ ಸಿಟ್ರೇಟಿಗೆ ಜಾಗವಿಲ್ಲ. ಇಟ್ಟಿಗೆ ತಯಾರಿ ನಿಧಾನವಾಗುತ್ತದೆ. 1971ರಲ್ಲಿ ಲೋವೆನ್‌ಸ್ಟೈನ್ ಜೀವಂತ ಇಲಿಗಳ ಯಕೃತ್ತಿನಲ್ಲಿಯೂ ಕೊಬ್ಬಿನಾಮ್ಲದ ತಯಾರಿ ತಗ್ಗುವುದನ್ನು ತೋರಿಸಿದರು.

ಔಷಧ ಕಂಪನಿಗಳ ಕಿವಿ ನೆಟ್ಟಗಾದದ್ದು ಆಗ. 1970ರ ದಶಕದಲ್ಲಿ ನ್ಯೂಜೆರ್ಸಿಯ ಹಾಫ್‌ಮನ್-ಲಾ ರೋಶ್ ಕಂಪನಿಯ ಪ್ರಯೋಗಶಾಲೆಯಲ್ಲಿ ಆನ್ ಸಲ್ಲಿವನ್ ಮತ್ತು ಸಂಗಡಿಗರು ಇಲಿಗಳಿಗೆ ಈ ಆಮ್ಲ ಕೊಟ್ಟು ನೋಡಿದರು. ಇಲಿಗಳು ಕಡಿಮೆ ತಿಂದವು, ತೂಕವೂ ಕಡಿಮೆ ಏರಿತು, ಕೊಬ್ಬಿನ ತಯಾರಿಯೂ ತಗ್ಗಿತು. ಫಲಿತಾಂಶ ನಿಜವೇ. ಆದರೆ ಇಲಿಗಳನ್ನು ಸಾಕಿದ ಬಗೆಯನ್ನು ನೋಡಿ. ಆ ಹೆಸರಾದ ಪ್ರಯೋಗಗಳಲ್ಲಿ ಇಲಿಗಳಿಗೆ ದಿನಕ್ಕೆ ಮೂರೇ ಗಂಟೆ ಊಟ, ಅದರಲ್ಲಿ ನೂರಕ್ಕೆ 70 ಭಾಗ ಗ್ಲೂಕೋಸ್. ಅಂಥ ಊಟ ಸಿಕ್ಕ ಇಲಿಯ ಯಕೃತ್ತು ಸಕ್ಕರೆಯನ್ನು ಕೊಬ್ಬಾಗಿಸುವ ಕಾರ್ಖಾನೆಯೇ ಆಗಿಬಿಡುತ್ತದೆ. ಕಾರ್ಖಾನೆ ಪೂರ್ತಿ ವೇಗದಲ್ಲಿ ಓಡುತ್ತಿರುವಾಗ ಒಂದು ಯಂತ್ರ ನಿಲ್ಲಿಸಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಕಿಣ್ವದ ಗುಣವನ್ನು ಅರಿಯಲು ಇದು ಸರಿಯಾದ ಪ್ರಯೋಗ. ಮನುಷ್ಯನ ಬೊಜ್ಜಿಗೆ ಉತ್ತರ ಹುಡುಕಲು ಇಷ್ಟೇ ಸಾಲದು.

ಇದೇ ದಶಕದ ಕೊನೆಗೆ ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿ ಮೆಕ್‌ಗ್ಯಾರಿ ಮತ್ತು ಫಾಸ್ಟರ್ ಎಂಬವರು ಇನ್ನೊಂದು ಕೊಂಡಿಯನ್ನು ಪತ್ತೆಹಚ್ಚಿದರು. ಕೊಬ್ಬು ತಯಾರಿಸುವ ದಾರಿಯ ಮಧ್ಯದಲ್ಲಿ ಹುಟ್ಟುವ ಮೆಲೊನೈಲ್ ಕೋಎನ್‌ಜೈಮ್-ಎ ಎಂಬ ವಸ್ತು, ಕೊಬ್ಬು ಉರಿಸುವ ದಾರಿಯ ಬಾಗಿಲಿಗೆ ಅಗುಳಿ ಹಾಕುತ್ತದೆ. ಕಟ್ಟುವ ಕೆಲಸ ನಡೆದಿರುವಾಗ ಕೆಡವುವ ಕೆಲಸ ನಡೆಯಬಾರದಲ್ಲ! ಹಾಗಾದರೆ ಉಪ್ಪಾಗೆಯ ಆಮ್ಲ ಕೊಬ್ಬಿನ ತಯಾರಿಯನ್ನು ತಡೆದರೆ ಅಗುಳಿ ತಾನೇ ಸಡಿಲಗೊಂಡು, ಇದ್ದ ಕೊಬ್ಬೂ ಹೆಚ್ಚು ಉರಿಯಬೇಕು. ಕಾಗದದ ಮೇಲೆ ಇದಕ್ಕಿಂತ ಸೊಗಸಾದ ತರ್ಕ ಸಿಗುವುದು ಕಷ್ಟ. ಹೊಸ ಕೊಬ್ಬು ಕಟ್ಟುವುದಿಲ್ಲ, ಹಳೆಯ ಕೊಬ್ಬು ಉರಿಯುತ್ತದೆ, ಹಸಿವು ತಗ್ಗುತ್ತದೆ. ಮೇಲಾಗಿ ಅಜ್ಜಿಯರ ಕಾಲದಿಂದ ತಿಂದುಕೊಂಡು ಬಂದ ಹಣ್ಣು.

ಆದರೂ ಆ ಕಾಲದಲ್ಲಿ ಇದು ಔಷಧವಾಗಿ ಮಾರುಕಟ್ಟೆಗೆ ಬರಲಿಲ್ಲ. ಅದಕ್ಕೆ ದಾರಿಯಾದದ್ದು 1994ರಲ್ಲಿ ಅಮೆರಿಕಾದ ಕಾಂಗ್ರೆಸ್ ಅಂಗೀಕರಿಸಿದ ಒಂದು ಕಾಯಿದೆಯಿಂದ. ಗಿಡಮೂಲಿಕೆ, ಜೀವಸತ್ವ ಮುಂತಾದವನ್ನು ‘ಆಹಾರ ಪೂರಕ’ ಎಂಬ ಹೆಸರಿನಿಂದ ಮಾರುವವರು, ಅವು ಗುಣಕಾರಿಯೆಂದು ಸರ್ಕಾರದ ಮುಂದೆ ಮೊದಲೇ ಸಿದ್ಧಪಡಿಸಬೇಕಾಗಿಲ್ಲ ಎಂದಾಯಿತು. ಔಷಧಕ್ಕೆ ಬೇಕಾದ ವರ್ಷಗಟ್ಟಲೆಯ ಪರೀಕ್ಷೆ ಪೂರಕಕ್ಕೆ ಬೇಡ. ಇನ್ನು 1997ರಲ್ಲಿ ತೂಕ ಇಳಿಸಲು ಕೊಡುತ್ತಿದ್ದ ಫೆನ್‌ಫ್ಲೂರಮೈನ್ ಎಂಬ ಔಷಧ ಹೃದಯದ ಕವಾಟಗಳಿಗೆ ಹಾನಿ ಮಾಡುತ್ತದೆಂದು ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಲಾಯಿತು. ‘ರಾಸಾಯನಿಕ’ಕ್ಕೆ ಹೆದರಿದವರು ‘ನೈಸರ್ಗಿಕ’ದ ಕಡೆ ನೋಡಿದರೆ ಆಶ್ಚರ್ಯವಿಲ್ಲ. ಉಪ್ಪಾಗೆಯಲ್ಲಿರುವುದೂ ರಾಸಾಯನಿಕವೇ ಎಂಬುದನ್ನು ಯಾರು ಹೇಳಬೇಕು?

ಆ ಬೇಡಿಕೆಯ ಬಿಸಿ ತಗುಲಿದ್ದು ನಮ್ಮ ಉತ್ತರ ಕನ್ನಡದ ಕಾಡಿಗೆ. ಅಲ್ಲಿಯವರೆಗೆ ಮನೆಯ ಅಡುಗೆಗೆ, ಸ್ಥಳೀಯ ವ್ಯಾಪಾರಕ್ಕೆ ಎಂದು ಕೊಯ್ಯುತ್ತಿದ್ದ ಹಣ್ಣಿಗೆ 1990ರ ದಶಕದಲ್ಲಿ ಕಂಡುಕೇಳರಿಯದ ಬೆಲೆ ಬಂತು. ಕಾಡಂಚಿನ ಬಡ ಕುಟುಂಬಗಳಿಗೆ ಮಳೆಗಾಲದಲ್ಲಿ ಕೈಗೆ ನಾಲ್ಕು ಕಾಸು ಸಿಕ್ಕಿತು. ಅದನ್ನು ಹಗುರವಾಗಿ ಕಾಣಬಾರದು. ಆದರೆ ಮರ ಕಾಡಿನದು, ಮೊದಲು ಕೊಯ್ದವನಿಗೆ ಹಣ್ಣು. ನಾನು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆಂದು ಹಣ್ಣಾಗುವ ಮೊದಲೇ ಕಾಯಿ ಕೊಯ್ಯುವುದು, ಕೊಂಬೆಯನ್ನೇ ಕಡಿಯುವುದು ಶುರುವಾಯಿತು. ಹಣ್ಣು ಬರುವುದು ಸುರಿಯುವ ಮಳೆಯಲ್ಲಿ; ಬಿಸಿಲಿಲ್ಲ; ಸಿಪ್ಪೆ ಒಣಗಿಸಲು ಒಲೆ ಹಚ್ಚಬೇಕು; ಒಲೆಗೆ ಸೌದೆ ಅದೇ ಕಾಡಿನಿಂದ. ದೂರದ ಊರಿನವರ ಬೊಜ್ಜು ಕರಗಿಸಲು ಇಲ್ಲಿ ಕರಗಿದ್ದು ಕಾಡಿನ ಸೌದೆ. ಮುಂದೆ ಬೆಲೆ ಏರಿದ ಹಾಗೆಯೇ ಇಳಿಯಿತು. ಅದನ್ನೇ ನಂಬಿ ಒಲೆ ಕಟ್ಟಿದವರು ಕೈ ಹಿಸುಕಿಕೊಂಡರು. ನಿತಿನ್ ರೈ ಮೊದಲಾದ ಸಂಶೋಧಕರು ಈ ಕೊಯ್ಲಿನ ಆರ್ಥಿಕತೆಯನ್ನೂ ಕಾಡಿನ ಮೇಲಾದ ಪರಿಣಾಮವನ್ನೂ ಸ್ಥಳದಲ್ಲೇ ಇದ್ದು ಅಭ್ಯಾಸ ಮಾಡಿದ್ದಾರೆ. ಅರಣ್ಯ ವಿಜ್ಞಾನ ಓದುವವರು ಆ ಬರಹಗಳನ್ನು ಹುಡುಕಿ ಓದಬೇಕು.

ಇಷ್ಟೆಲ್ಲ ನಡೆಯುವಾಗ ಮೂಲ ಪ್ರಶ್ನೆ ಹಾಗೆಯೇ ಇತ್ತು: ಮನುಷ್ಯನ ತೂಕ ಇಳಿಯುತ್ತದೆಯೇ? ನ್ಯೂಯಾರ್ಕಿನ ಸೇಂಟ್ ಲ್ಯೂಕ್ಸ್-ರೂಸ್‌ವೆಲ್ಟ್ ಆಸ್ಪತ್ರೆಯಲ್ಲಿ ಸ್ಟೀವನ್ ಹೇಮ್ಸ್‌ಫೀಲ್ಡ್ ಮತ್ತು ಸಂಗಡಿಗರು ಇದನ್ನು ಪರೀಕ್ಷೆಗೆ ಒಡ್ಡಿದರು. ತೂಕ ಹೆಚ್ಚಿದ್ದ 135 ಮಂದಿಯನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. 66 ಮಂದಿಗೆ ದಿನಕ್ಕೆ 1500 ಮಿಲಿಗ್ರಾಂ ಹೈಡ್ರಾಕ್ಸಿಸಿಟ್ರಿಕ್ ಆಮ್ಲವಿರುವ ಗುಳಿಗೆ. 69 ಮಂದಿಗೆ ನೋಡಲು ಅದರಂತೆಯೇ ಇರುವ, ಏನೂ ಇಲ್ಲದ ಹುಸಿಗುಳಿಗೆ. ಯಾರಿಗೆ ಯಾವುದು ಸಿಕ್ಕಿದೆಯೆಂದು ತಿನ್ನುವವರಿಗೂ ತಿಳಿಯದು, ಕೊಡುವವರಿಗೂ ತಿಳಿಯದು. ಎಲ್ಲರಿಗೂ ಒಂದೇ ಬಗೆಯ, ನಾರು ಹೆಚ್ಚಿರುವ, ಶಕ್ತಿ ಕಡಿಮೆಯಿರುವ ಪಥ್ಯದ ಊಟ. ಹನ್ನೆರಡು ವಾರ ಕಳೆದ ಮೇಲೆ ತೂಗಿ ನೋಡಿದಾಗ ಉಪ್ಪಾಗೆ ಗುಂಪಿನವರು ಸರಾಸರಿ 3.2 ಕಿಲೊ ಇಳಿದಿದ್ದರು. ಹುಸಿಗುಳಿಗೆಯವರು? 4.1 ಕಿಲೊ! ಈ ವ್ಯತ್ಯಾಸ ಲೆಕ್ಕಶಾಸ್ತ್ರದ ಪ್ರಕಾರ ಗಣನೀಯವಲ್ಲ; ಹುಸಿಗುಳಿಗೆ ಮೇಲೆಂದು ಅರ್ಥ ಮಾಡಬಾರದು. ಗುಳಿಗೆಯಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲ ಎಂಬುದಷ್ಟೇ ಅರ್ಥ. ಇದು 1998ರ ನವೆಂಬರಿನಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು.

ಹುಸಿಗುಳಿಗೆಯವರೂ ಇಳಿದರೆಂಬುದನ್ನು ಮರೆಯಬೇಡಿ. ಎರಡನೆಯ ಗುಂಪು ಇಲ್ಲದಿದ್ದರೆ, ‘ಉಪ್ಪಾಗೆ ತಿಂದು ಹನ್ನೆರಡು ವಾರದಲ್ಲಿ ಮೂರು ಕಿಲೊ ಇಳಿದರು’ ಎಂದು ಪ್ರಾಮಾಣಿಕವಾಗಿಯೇ ಹೇಳಬಹುದಿತ್ತು! ಇಳಿಸಿದ್ದು ಊಟದ ಹಿಡಿತ. ಕೀರ್ತಿ ಗುಳಿಗೆಯ ಪಾಲಾಗುತ್ತಿತ್ತು. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ನಡೆದ ಪರೀಕ್ಷೆಗಳನ್ನು 2011ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಹುಸಿಗುಳಿಗೆಗಿಂತ ಸರಾಸರಿ 0.88 ಕಿಲೊ ಹೆಚ್ಚು ಇಳಿದಂತೆ ಕಂಡಿತು. ಅವುಗಳಲ್ಲಿ ಕಟ್ಟುನಿಟ್ಟಾಗಿ ನಡೆದವನ್ನಷ್ಟೇ ಆರಿಸಿದಾಗ ಅದೂ ಗಣನೀಯವಾಗಿ ಉಳಿಯಲಿಲ್ಲ. ಕೊಬ್ಬು ಹೆಚ್ಚು ಉರಿಯುತ್ತದೆಂಬ ಮಾತನ್ನೂ 1999ರಲ್ಲಿ ಹತ್ತು ಗಂಡಸರಿಗೆ ದಿನಕ್ಕೆ 3 ಗ್ರಾಂ ಆಮ್ಲ ಕೊಟ್ಟು, ಅವರ ಉಸಿರನ್ನು ಅಳೆದು ಪರೀಕ್ಷಿಸಿದರು. ಉರಿ ಹೆಚ್ಚಲಿಲ್ಲ.

ಹಾಗಾದರೆ ಅಷ್ಟು ಸೊಗಸಾದ ತರ್ಕ ಎಲ್ಲಿ ಮುರಿಯಿತು? ನನಗೆ ಈ ಕತೆಯಲ್ಲಿ ಅತ್ಯಂತ ಸ್ವಾರಸ್ಯದ ಭಾಗ ಇದೇ. ಮುರಿದದ್ದು ಕಿಣ್ವದಲ್ಲಲ್ಲ. ಮನುಷ್ಯನ ದೇಹ ಸಾಮಾನ್ಯ ಮಿಶ್ರ ಆಹಾರದಲ್ಲಿ ಸಕ್ಕರೆಯನ್ನು ಕೊಬ್ಬಾಗಿಸುವ ಕೆಲಸವನ್ನು ಬಹಳ ಕಡಿಮೆ ಮಾಡುತ್ತದೆ. ‘ಅನ್ನ ತಿಂದರೆ ದಪ್ಪವಾಗುತ್ತಾರಲ್ಲ?’ ಎಂದು ನೀವು ಕೇಳಬಹುದು. ಆಗುತ್ತಾರೆ, ಆದರೆ ದಾರಿ ಬೇರೆ. ಅನ್ನ ಹೆಚ್ಚು ಬಂದಾಗ ದೇಹ ಮೊದಲು ಅನ್ನವನ್ನೇ ಉರಿಸುತ್ತದೆ. ಅದರ ಜತೆ ತಿಂದ ಎಣ್ಣೆ, ತುಪ್ಪ, ಕಾಯಿತುರಿಯ ಕೊಬ್ಬು ಉರಿಯದೆ ನೇರವಾಗಿ ಉಗ್ರಾಣ ಸೇರುತ್ತದೆ. ಹೊರಗಿನಿಂದ ಸಿದ್ಧ ಇಟ್ಟಿಗೆ ಲಾರಿಗಟ್ಟಲೆ ಬರುತ್ತಿರುವಾಗ ಊರಿನ ಇಟ್ಟಿಗೆ ಗೂಡನ್ನು ಮುಚ್ಚಿಸಿದರೆ ಮನೆ ಕಟ್ಟುವುದು ನಿಂತೀತೆ? ಯಕೃತ್ತಿನಲ್ಲಿ ಕೊಬ್ಬು ತುಂಬಿದ ರೋಗಿಗಳ ಮಾತು ಸ್ವಲ್ಪ ಬೇರೆ. ಅವರ ಯಕೃತ್ತಿನ ಕೊಬ್ಬಿನಲ್ಲಿ ಸುಮಾರು ಕಾಲು ಭಾಗ ಹೀಗೆ ಹೊಸದಾಗಿ ತಯಾರಾದದ್ದೆಂದು 2005ರ ಒಂದು ಅಧ್ಯಯನ ತೋರಿಸಿತು. ಆದರೆ ಅಲ್ಲಿಯೂ ದೇಹಕ್ಕೆ ಬಳಸುದಾರಿ ಗೊತ್ತು. ಹಣ್ಣಿನ ಸಕ್ಕರೆಯಾದ ಫ್ರಕ್ಟೋಸ್ ಹೆಚ್ಚಾಗಿ ತಿಂದಾಗ ಕರುಳಿನ ಸೂಕ್ಷ್ಮಜೀವಿಗಳು ಅದರಿಂದ ಅಸಿಟೇಟ್ ತಯಾರಿಸುತ್ತವೆ. ಆ ಅಸಿಟೇಟು ಸಿಟ್ರೇಟಿನ ಕಿಂಡಿಯ ಗೊಡವೆಯಿಲ್ಲದೆ ನೇರವಾಗಿ ಇಟ್ಟಿಗೆಯಾಗುತ್ತದೆ. 2020ರಲ್ಲಿ ಇಲಿಗಳಲ್ಲಿ ಕಂಡುಕೊಂಡ ವಿಷಯ ಇದು.

ಈ ಸರಪಣಿಯನ್ನು ಒಮ್ಮೆ ಹಿಂತಿರುಗಿ ನೋಡಿ. ಮೈಸೂರಿನ ಮಾತು ನಿಜ. ಬ್ರಾಂಡೈಸ್‌ನ ಮಾತು ನಿಜ. ನ್ಯೂಜೆರ್ಸಿಯ ಇಲಿಗಳೂ ಸುಳ್ಳಾಡಲಿಲ್ಲ. ಜಾಹೀರಾತು ಈ ಮೂರು ನಿಜಗಳನ್ನು ಸಾಕ್ಷಿ ಕರೆದು, ಯಾರೂ ಸಿದ್ಧಪಡಿಸದ ನಾಲ್ಕನೆಯ ಮಾತೊಂದನ್ನು ಅವುಗಳ ಪಕ್ಕದಲ್ಲಿ ನಿಲ್ಲಿಸಿತು. ಪ್ರಯೋಗಶಾಲೆಯ ಹೆಸರು ಹೇಳಿದೊಡನೆ ನಾವು ನಂಬುವುದು ಇಂಥ ಕಡೆಯೇ.

ಶೀಶೆಯ ಮೇಲಿನ ಇನ್ನೊಂದು ಪದ ‘ಆಂಟಿಆಕ್ಸಿಡೆಂಟ್’, ಅಂದರೆ ಉತ್ಕರ್ಷಣ ನಿರೋಧಕ. ಇದರ ಕತೆಯೂ ಬಹುಪಾಲು ಇದೇ ಅಚ್ಚಿನದು. ಕೊಬ್ಬು ಉರಿಯುವಾಗ ಮೈಟೊಕಾಂಡ್ರಿಯಾದಿಂದ ಸೋರಿದ ಎಲೆಕ್ಟ್ರಾನುಗಳು ಆಕ್ಸಿಜನ್ನಿಗೆ ಅಂಟಿಕೊಂಡು ಸೂಪರಾಕ್ಸೈಡ್ ಎಂಬ ಪುಂಡ ಕಣವಾಗುತ್ತದೆ. ಇದನ್ನು ಪಳಗಿಸುವ ಕಿಣ್ವ ನಮ್ಮ ದೇಹದಲ್ಲೇ ಇದೆಯೆಂದು ಅಮೆರಿಕಾದ ಮೆಕಾರ್ಡ್ ಮತ್ತು ಫ್ರಿಡೊವಿಚ್ ತೋರಿಸಿದ್ದು 1969ರಲ್ಲಿ. ಬೊಜ್ಜಿರುವವರಲ್ಲಿ ಉತ್ಕರ್ಷಣದ ಹಾನಿಯ ಗುರುತುಗಳು ಹೆಚ್ಚೆಂದು 2003ರಲ್ಲಿ ಅಮೆರಿಕಾದ ಫ್ರೇಮಿಂಗ್‌ಹ್ಯಾಂ ಅಧ್ಯಯನ ಹೇಳಿತು. 2004ರಲ್ಲಿ ಜಪಾನಿನ ವಿಜ್ಞಾನಿಗಳು ಬೊಜ್ಜಿನ ಇಲಿಗಳ ಕೊಬ್ಬಿನ ಅಂಗಾಂಶದಲ್ಲೇ ಇದರ ಮೂಲವನ್ನು ಕಂಡರು. ಇಷ್ಟು ತಿಳಿದ ಮೇಲೆ ‘ನಿರೋಧಕ ನುಂಗಿದರೆ ಹಾನಿ ತಪ್ಪುತ್ತದೆ’ ಎಂಬ ತೀರ್ಮಾನಕ್ಕೆ ಹಾರುವುದು ಎಷ್ಟು ಸುಲಭ!

ಹಾರಿದವರಿಗೆ ಎಚ್ಚರಿಕೆ 1994ರಲ್ಲೇ ಸಿಕ್ಕಿತ್ತು. ಫಿನ್‌ಲೆಂಡಿನ 29,133 ಧೂಮಪಾನಿ ಗಂಡಸರಲ್ಲಿ ಕೆಲವರಿಗೆ ಬೀಟಾ ಕೆರೋಟಿನ್, ಕೆಲವರಿಗೆ ಜೀವಸತ್ವ ಇ, ಕೆಲವರಿಗೆ ಎರಡೂ, ಉಳಿದವರಿಗೆ ಹುಸಿಗುಳಿಗೆ ಕೊಟ್ಟು ಐದರಿಂದ ಎಂಟು ವರ್ಷ ನೋಡಿದಾಗ, ಬೀಟಾ ಕೆರೋಟಿನ್ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ನೂರಕ್ಕೆ 18ರಷ್ಟು ಹೆಚ್ಚು ಕಂಡಿತ್ತು. ಬೊಜ್ಜು ಮತ್ತು ಮಧುಮೇಹಕ್ಕೆ ನೇರವಾಗಿ ಸಂಬಂಧಿಸಿದ ಪರೀಕ್ಷೆ ನಡೆದದ್ದು 2009ರಲ್ಲಿ, ಜರ್ಮನಿಯ ಮೈಕೆಲ್ ರಿಸ್ಟೋವ್ ಮತ್ತು ಸಂಗಡಿಗರಿಂದ. 39 ಮಂದಿ ಆರೋಗ್ಯವಂತ ಯುವಕರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿದರು. ಕೆಲವರಿಗೆ ದಿನಕ್ಕೆ 1000 ಮಿಲಿಗ್ರಾಂ ಜೀವಸತ್ವ ಸಿ ಮತ್ತು 400 ಯೂನಿಟ್ ಜೀವಸತ್ವ ಇ ಕೊಟ್ಟರು. ಗುಳಿಗೆ ತಿನ್ನದವರಲ್ಲಿ ವ್ಯಾಯಾಮದಿಂದ ಇನ್ಸುಲಿನ್ನಿಗೆ ಸ್ಪಂದಿಸುವ ಗುಣ ಸುಧಾರಿಸಿತು. ತಿಂದವರಲ್ಲಿ ಸುಧಾರಿಸಲಿಲ್ಲ. ವ್ಯಾಯಾಮದಲ್ಲಿ ಹುಟ್ಟುವ ಆ ಪುಂಡ ಕಣಗಳೇ ‘ಇನ್ನಷ್ಟು ಸಮರ್ಥವಾಗು’ ಎಂದು ಸ್ನಾಯುಕೋಶಕ್ಕೆ ಕೊಡುವ ಸುದ್ದಿ. ಗುಳಿಗೆ ಸುದ್ದಿಗಾರನ ಬಾಯಿ ಮುಚ್ಚಿಸಿತ್ತು ಎಂಬುದು ಅವರ ವಿವರಣೆ. ಆಮೇಲಿನ ಪರೀಕ್ಷೆಗಳೆಲ್ಲ ಇದೇ ಉತ್ತರ ಕೊಟ್ಟಿಲ್ಲ. ಕೆಲವು ಹೌದೆಂದವು, ಕೆಲವು ವ್ಯತ್ಯಾಸವಿಲ್ಲವೆಂದವು. ಹಣ್ಣು ತರಕಾರಿ ತಿನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ನೆಲ್ಲಿಕಾಯಿಯನ್ನು ನಿಶ್ಚಿಂತೆಯಿಂದ ತಿನ್ನಿ. ಇಲ್ಲಿ ಮಾತಾಡುತ್ತಿರುವುದು ಗುಳಿಗೆಯ ಮಾತ್ರ.

ಈಗ ನನ್ನ ಕಸುಬಿನವರ ಪಾಲು ಹೇಳದಿದ್ದರೆ ಅನ್ಯಾಯವಾದೀತು. 1998ರ ಪರೀಕ್ಷೆಯಾಗಿ ಹದಿನಾಲ್ಕು ವರ್ಷ ಕಳೆದ ಮೇಲೆ, 2012ರಲ್ಲಿ, ಅಮೆರಿಕಾದ ಹೆಸರಾಂತ ಹೃದಯ ಶಸ್ತ್ರವೈದ್ಯ ಮೆಹ್ಮೆಟ್ ಆಜ್ ತಮ್ಮ ಟೆಲಿವಿಷನ್ ಕಾರ್ಯಕ್ರಮದಲ್ಲಿ ಗಾರ್ಸೀನಿಯಾವನ್ನು ಕೊಬ್ಬು ಕರಗಿಸುವ ಸುಲಭ ಉಪಾಯವೆಂಬಂತೆ ಹೊಗಳಿದರು. ಕೆಳಗೆ ಬಿದ್ದಿದ್ದ ವ್ಯಾಪಾರ ಮತ್ತೆ ಎದ್ದು ಕುಳಿತಿತು. 2014ರ ಜೂನ್‌ನಲ್ಲಿ ಸೆನೆಟ್ಟಿನ ಉಪಸಮಿತಿಯ ಅಧ್ಯಕ್ಷೆ ಕ್ಲೇರ್ ಮೆಕಾಸ್ಕಿಲ್ ಅವರನ್ನು ಎದುರಿಗೆ ಕೂರಿಸಿಕೊಂಡು, ಅವರದೇ ಮಾತುಗಳನ್ನು ಓದಿ ಹೇಳಿ ಪ್ರಶ್ನಿಸಿದರು. ತಾವು ಬಳಸಿದ ಭಾಷೆ ಅಲಂಕಾರದ್ದಾಗಿತ್ತೆಂದು ಅವರು ಒಪ್ಪಿಕೊಂಡರು. ಕ್ಯಾಮರಾದ ಹಿಂದೆ ಕೆಲಸ ಮಾಡುವ ನನಗೆ ಇದು ಹೇಗಾಗುತ್ತದೆಂದು ಗೊತ್ತು. ‘ಮೊದಲು’ ಮತ್ತು ‘ಆಮೇಲೆ’ ಎಂಬ ಎರಡು ಭಾವಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಅರ್ಧ ನಿಮಿಷದಲ್ಲಿ ಕತೆ ಮುಗಿಯುತ್ತದೆ. ಹುಸಿಗುಳಿಗೆಯ ಗುಂಪನ್ನು ತೋರಿಸಲು ಅಂಥ ಚಿತ್ರವಿಲ್ಲ. ತೆರೆಯ ಮೇಲೆ ಬಿಳಿ ಕೋಟು ಕಂಡಾಗ ಎರಡನೆಯ ಗುಂಪು ಎಲ್ಲಿ ಎಂದು ಕೇಳುವ ಪ್ರೇಕ್ಷಕರು ನಮಗೆ ಬೇಕು.

‘ಉಪಯೋಗವಾಗದಿದ್ದರೂ ಹಾನಿಯಂತೂ ಇಲ್ಲ’ ಎನ್ನುವವರಿಗೆ ಇನ್ನೊಂದು ವಿಷಯ. 2009ರ ಮೇ ತಿಂಗಳಲ್ಲಿ ಅಮೆರಿಕಾದ ಆಹಾರ ಮತ್ತು ಔಷಧ ಆಡಳಿತ, ‘ಹೈಡ್ರಾಕ್ಸಿಕಟ್’ ಎಂಬ ಹೆಸರಿನ ತೂಕ ಇಳಿಸುವ ಪೂರಕಗಳನ್ನು ಬಳಸಬೇಡಿರೆಂದು ಜನರಿಗೆ ಎಚ್ಚರಿಕೆ ಕೊಟ್ಟಿತು. ಯಕೃತ್ತಿಗೆ ತೀವ್ರ ಹಾನಿಯಾದ 23 ವರದಿಗಳು ಬಂದಿದ್ದವು, ಅವುಗಳಲ್ಲಿ ಒಂದು ಸಾವು. ತಯಾರಕರು ಸರಕು ಹಿಂತೆಗೆದುಕೊಂಡರು. ಅವುಗಳಲ್ಲಿ ಹಲವು ಪದಾರ್ಥಗಳ ಮಿಶ್ರಣವಿತ್ತು, ಕೆಲವುಗಳಲ್ಲಿ ಗಾರ್ಸೀನಿಯಾವೂ ಇತ್ತು; ಹಾಗಾಗಿ ಅಪರಾಧಿ ಯಾರೆಂದು ಆಗ ಖಚಿತವಾಗಲಿಲ್ಲ. ಔಷಧಗಳಿಂದಾಗುವ ಯಕೃತ್ತಿನ ಹಾನಿಯನ್ನು ದಾಖಲಿಸುವ ಅಮೆರಿಕಾದ ವೈದ್ಯರ ಜಾಲವೊಂದು 2022ರಲ್ಲಿ ಗಾರ್ಸೀನಿಯಾಕ್ಕೆ ಸಂಬಂಧಿಸಿದ 22 ಪ್ರಕರಣಗಳನ್ನು ವಿವರಿಸಿತು. ಐದರಲ್ಲಿ ಗಾರ್ಸೀನಿಯಾ ಒಂದೇ ಇತ್ತು. ಉಳಿದವುಗಳಲ್ಲಿ ಹೆಚ್ಚಿನವು ಹಸಿರು ಚಹಾದ ಸಾರದ ಜತೆಗಿನವು. ಹಾನಿಗೊಳಗಾದವರಲ್ಲಿ ಒಂದು ನಿರ್ದಿಷ್ಟ ಪ್ರತಿರಕ್ಷಾ ಜೀನ್ ರೂಪ ಸಾಮಾನ್ಯರಿಗಿಂತ ಬಹಳ ಹೆಚ್ಚಾಗಿ ಕಂಡಿತು. ಅಂದರೆ ಸಾವಿರಾರು ಮಂದಿಗೆ ಏನೂ ಆಗದೆ ಕೆಲವರಿಗೆ ಮಾತ್ರ ವಿಪತ್ತಾಗಬಹುದು. ತಾನು ಆ ಕೆಲವರಲ್ಲಿ ಒಬ್ಬನೇ ಎಂದು ಶೀಶೆ ತೆರೆಯುವವನಿಗೆ ಮೊದಲೇ ತಿಳಿಯುವುದಿಲ್ಲ. ಗುಳಿಗೆ ಶುರು ಮಾಡಿದ ಮೇಲೆ ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ವಿಪರೀತ ಆಯಾಸವಾದರೆ ಅದನ್ನು ಅಲ್ಲಿಗೇ ನಿಲ್ಲಿಸಿ ಕೂಡಲೇ ವೈದ್ಯರ ಬಳಿ ಹೋಗಬೇಕು; ಹೋಗುವಾಗ ಶೀಶೆಯನ್ನೂ ಜತೆಗೊಯ್ಯಬೇಕು. ಆಯುರ್ವೇದದ ಅಥವಾ ಗಿಡಮೂಲಿಕೆಯ ಗುಳಿಗೆ ತಿಂದದ್ದನ್ನು ವೈದ್ಯರಿಗೆ ಹೇಳದೆ ಮುಚ್ಚಿಡುವ ಅಭ್ಯಾಸ ನಮ್ಮಲ್ಲಿ ಬಹಳ. ಸಾರಿಗೆ ಹಾಕುವ ಎರಡೆಸಳು ಸಿಪ್ಪೆಗೂ, ಆಮ್ಲವನ್ನು ಸಾಂದ್ರಗೊಳಿಸಿ ತುಂಬಿದ ಗುಳಿಗೆಯನ್ನು ತಿಂಗಳುಗಟ್ಟಲೆ ನುಂಗುವುದಕ್ಕೂ ಹೋಲಿಕೆಯಿಲ್ಲ.

ಕೊನೆಯದಾಗಿ ಆ ಕಿಣ್ವದ ಸಮಾಚಾರ. ಗುಳಿಗೆಯ ವ್ಯಾಪಾರ ಒಂದು ಕಡೆ ನಡೆದಿರುವಾಗ, ಕೆಲವು ವಿಜ್ಞಾನಿಗಳು ಎ.ಟಿ.ಪಿ. ಸಿಟ್ರೇಟ್ ಲಯೇಸನ್ನು ಕೈಬಿಡಲಿಲ್ಲ. ಅದು ತಯಾರಿಸುವ ಇಟ್ಟಿಗೆ ಕೊಬ್ಬಿನಾಮ್ಲಕ್ಕೆ ಮಾತ್ರವಲ್ಲ, ಕೊಲೆಸ್ಟರಾಲಿಗೂ ಬೇಕು. ಅದೇ ಕಿಣ್ವವನ್ನು ಯಕೃತ್ತಿನಲ್ಲಿ ತಡೆಯುವ ಬೆಂಪೆಡೋಯಿಕ್ ಆಮ್ಲ ಎಂಬ ಬೇರೊಂದು ವಸ್ತುವಿಗೆ, ಎಲ್ಲ ಹಂತದ ಪರೀಕ್ಷೆಗಳ ನಂತರ, 2020ರ ಫೆಬ್ರವರಿಯಲ್ಲಿ ಅಮೆರಿಕಾದಲ್ಲಿ ಔಷಧವಾಗಿ ಮಾನ್ಯತೆ ದೊರೆಯಿತು. ಸ್ಟ್ಯಾಟಿನ್ ಗುಳಿಗೆ ಸಹಿಸಲಾಗದ 13,970 ಮಂದಿಯ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಹೃದಯಾಘಾತ, ಪಾರ್ಶ್ವವಾಯು ಮುಂತಾದವು ಹುಸಿಗುಳಿಗೆಯವರಿಗಿಂತ ನೂರಕ್ಕೆ 13ರಷ್ಟು ಕಡಿಮೆಯಾಗಿದ್ದವು. ವೈದ್ಯರು ಅದನ್ನು ಬರೆದುಕೊಡುವುದು ಕೊಲೆಸ್ಟರಾಲಿಗಾಗಿ, ಬೊಜ್ಜಿಗಾಗಿ ಅಲ್ಲ.